ಕಾರಿನೊಳಗಣ ಪಿಸ್ತೂಲು: ಒಂದು ಧರ್ಮವಿಚಾರ

ಕೆಲವು ಪ್ರಶ್ನೆಗಳು ಅಂಗಡಿಯ ಕಟ್ಟೆಯ ಮೇಲೆ ಹುಟ್ಟುತ್ತವೆ. ಆದರೆ ಅವುಗಳ ಉತ್ತರ ಅಂಗಡಿಯಲ್ಲಿ ದೊರೆಯುವುದಿಲ್ಲ. ಯಾವ ಕೊಡೆ ಕೊಳ್ಳಬೇಕು, ಯಾವ ಗಡಿಯಾರ ಬಾಳಿಕೆ ಬಂದೀತು ಎಂದು ಕೇಳಿದರೆ ಬೆಲೆಯನ್ನೂ ಗುಣವನ್ನೂ ತೂಗಿ ನೋಡಿ ಉತ್ತರ ಹೇಳಬಹುದು. 'ಕಾರಿನಲ್ಲಿ ಇಟ್ಟುಕೊಳ್ಳುವುದಕ್ಕೆ ಯಾವ ಪಿಸ್ತೂಲು ಒಳ್ಳೆಯದು?' ಎಂಬ ಪ್ರಶ್ನೆಯೂ ಮೇಲುನೋಟಕ್ಕೆ ಅದೇ ಜಾತಿಯದಾಗಿ ಕಾಣುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದು ನಿತ್ಯದ ಪ್ರಶ್ನೆ. ನಾವು ಟಾರ್ಚು ಕೊಳ್ಳುವಾಗ ವಿಚಾರಿಸುವಂತೆ ಅಲ್ಲಿಯ ಸಾಮಾನ್ಯ ಗೃಹಸ್ಥರು, ಹೆಂಗಸರು, ಮುದುಕರು ಬಂದೂಕಿನ ಅಂಗಡಿಗೆ ಹೋಗಿ ಇದನ್ನು ವಿಚಾರಿಸುತ್ತಾರೆ. ಅಂಗಡಿಯವನೂ ಸಾವಧಾನವಾಗಿ ಉತ್ತರ ಹೇಳುತ್ತಾನೆ.

ನಮ್ಮ ಓದುಗರಾದ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಈ ವಿಷಯ ದೂರದ್ದೆಂದು ತೋರಬಹುದು. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪಿಸ್ತೂಲಿಗೆ ಪರವಾನಗಿ ಬೇಕು. ಅದು ಕೇಳಿದವರಿಗೆಲ್ಲ ಸಿಕ್ಕುವ ವಸ್ತುವೂ ಅಲ್ಲ. ಆದರೂ ಪರದೇಶದವರ ಪ್ರಶ್ನೆಯನ್ನು ವಿಚಾರಿಸುವುದರಲ್ಲಿ ಒಂದು ಅನುಕೂಲವಿದೆ. ನಮ್ಮ ಅಭ್ಯಾಸಗಳೂ ನಮ್ಮ ಸ್ವಾರ್ಥವೂ ಅಲ್ಲಿ ಅಡ್ಡ ಬರುವುದಿಲ್ಲ. ಆದ್ದರಿಂದ ಧರ್ಮದ ಎಳೆ ತೊಡಕಿಲ್ಲದೆ ಕಾಣುತ್ತದೆ. ಹಾಗೆ ಕಂಡ ಎಳೆಯನ್ನು ಹಿಡಿದು ನಮ್ಮ ಮನೆಗೆ ಹಿಂತಿರುಗುವುದು ಕಷ್ಟವಲ್ಲ.

ಮೊದಲು ಆ ದೇಶದ ಸ್ಥಿತಿಯನ್ನು ತಿಳಿಯೋಣ. 1791ರಲ್ಲಿ ಅಲ್ಲಿಯ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿಯು ಆಯುಧವನ್ನು ಇಟ್ಟುಕೊಳ್ಳುವ, ಧರಿಸುವ ಹಕ್ಕನ್ನು ಪ್ರಜೆಗಳದೆಂದು ಹೇಳಿತು. ಆತ್ಮರಕ್ಷಣೆಗಾಗಿ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು 2008ರಲ್ಲಿಯೂ, ಅದನ್ನು ಮನೆಯ ಹೊರಗೆ ಧರಿಸಿ ನಡೆಯುವುದೂ ಅದೇ ಹಕ್ಕಿನಲ್ಲಿ ಸೇರಿದೆಯೆಂದು 2022ರಲ್ಲಿಯೂ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2017ರ ಒಂದು ಅಂದಾಜಿನಂತೆ ಅಲ್ಲಿಯ ಜನರ ಕೈಯಲ್ಲಿರುವ ಬಂದೂಕು ಪಿಸ್ತೂಲುಗಳ ಸಂಖ್ಯೆ ಸುಮಾರು 39 ಕೋಟಿ 30 ಲಕ್ಷ. ಅಂದರೆ ನೂರು ಜನರಿಗೆ ನೂರಇಪ್ಪತ್ತು. ತೊಟ್ಟಿಲ ಕೂಸನ್ನು ಸೇರಿಸಿ ಎಣಿಸಿದರೂ ತಲೆಗೊಂದರಂತೆ ಹಂಚಿ ಇನ್ನೂ ಮಿಗುವಷ್ಟು.

ಇದಕ್ಕೆ ಇನ್ನೊಂದು ತತ್ತ್ವವೂ ಸೇರಿಕೊಂಡಿದೆ. ಪ್ರತಿಯೊಬ್ಬನಿಗೂ ಅವನ ಮನೆಯೇ ಕೋಟೆ ಎಂಬ ಮಾತು 1604ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಒಂದು ವ್ಯಾಜ್ಯದಿಂದ ಪ್ರಸಿದ್ಧವಾಯಿತು. ಮನೆಗೆ ನುಗ್ಗಿದವನೆದುರು ಯಜಮಾನನು ಹಿಂಜರಿಯಬೇಕಾಗಿಲ್ಲ ಎಂಬುದು ಅದರ ಫಲಿತಾರ್ಥ. ಅಮೆರಿಕದಲ್ಲಿ ಈ ತತ್ತ್ವ ಮನೆಯ ಹೊಸ್ತಿಲನ್ನು ದಾಟಿ ಗಾಡಿಯನ್ನೇರಿತು. ಫ್ಲಾರಿಡಾ ಸಂಸ್ಥಾನದ 2005ರ ಕಾಯಿದೆಯೂ ಟೆಕ್ಸಾಸಿನ 2007ರ ಕಾಯಿದೆಯೂ ಜನರು ಕುಳಿತಿರುವ ವಾಹನಕ್ಕೆ ಮನೆಗಿರುವಂಥ ರಕ್ಷಣೆಯನ್ನೇ ಕೊಟ್ಟವು. ಹೀಗೆ ಕಾರು ಕೋಟೆಯಾಯಿತು. ಆದರೆ ಕೋಟೆಗೂ ಕಾರಿಗೂ ಒಂದು ಭೇದವಿದೆ. ಯಾವ ಅರಸನೂ ತನ್ನ ಕೋಟೆಯನ್ನು ಕಾವಲಿಲ್ಲದೆ ಬೀದಿಯಲ್ಲಿ ನಿಲ್ಲಿಸಿ ತರಕಾರಿ ಕೊಳ್ಳಲು ಹೋದುದಿಲ್ಲ. ನಮ್ಮ ವಿಚಾರವೆಲ್ಲ ಈ ಭೇದದ ಸುತ್ತಲೇ ಸುತ್ತಬೇಕಾಗಿದೆ.

ಪ್ರಶ್ನೆ ಕೇಳುವವರನ್ನು ಹಗುರವಾಗಿ ನೋಡುವುದು ಸಲ್ಲದು. ಮೊಂಟಾನಾ, ವಯೋಮಿಂಗ್ ಮುಂತಾದ ಸಂಸ್ಥಾನಗಳಲ್ಲಿ ಊರಿಂದ ಊರಿಗೆ ಹತ್ತಾರು ಮೈಲಿಗಳ ಬಯಲು. ಕಾರು ಕೆಟ್ಟು ನಿಂತರೆ ದೂರವಾಣಿಗೆ ಎಷ್ಟೋ ಕಡೆ ಸಂಪರ್ಕವೇ ಸಿಕ್ಕದು. ಸಿಕ್ಕರೂ ಪೋಲೀಸರು ಬರುವುದು ಬೇಗನೆ ಆಗುವ ಕೆಲಸವಲ್ಲ. ರಾತ್ರಿಯ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಮರಳುವ ದಾದಿಯೊಬ್ಬಳನ್ನು ಊಹಿಸಿಕೊಳ್ಳಿ. ದೊಡ್ಡ ನಗರಗಳಲ್ಲಿ ಸಿಗ್ನಲ್ ದೀಪದೆದುರು ನಿಂತ ಕಾರನ್ನು ಆಯುಧ ತೋರಿಸಿ ಕಸಿದುಕೊಳ್ಳುವ ಕಳ್ಳರೂ ಉಂಟು. 'ನನ್ನ ಪ್ರಾಣವನ್ನು ನಾನು ಕಾಪಾಡಿಕೊಳ್ಳಬಾರದೆ?' ಎಂದು ಆಕೆ ಕೇಳಿದರೆ ಬಾರದು ಎಂದು ಹೇಳುವ ಧರ್ಮಶಾಸ್ತ್ರವನ್ನು ನಾವು ಕಾಣೆವು. ಭಯಕ್ಕೆ ಕಾರಣವಿದೆ, ಆತ್ಮರಕ್ಷಣೆಗೆ ನ್ಯಾಯವಿದೆ. ಇಷ್ಟನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಇನ್ನು ಆಯ್ಕೆಯ ವಿಚಾರ. ಅಂಗಡಿಯವನು ಮುಖ್ಯವಾಗಿ ಎರಡು ಬಗೆಗಳನ್ನು ತೋರಿಸುತ್ತಾನೆ. ಒಂದು ರಿವಾಲ್ವರ್, ಸ್ಯಾಮ್ಯುಅಲ್ ಕೋಲ್ಟನು 1836ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ಮಾದರಿಯ ಸಂತತಿ. ಸುತ್ತುವ ಉರುಳೆಯಲ್ಲಿ ಸಾಮಾನ್ಯವಾಗಿ ಐದೋ ಆರೋ ತೋಟಾಗಳು. ಒಂದು ತೋಟಾ ಹುಸಿಯಾದರೆ ಕುದುರೆಯನ್ನು ಮತ್ತೊಮ್ಮೆ ಎಳೆದರೆ ಸಾಕು, ಮುಂದಿನದು ಎದುರಿಗೆ ಬರುತ್ತದೆ. ಕುದುರೆಯೂ ಬಿಗಿಯಾಗಿರುವುದರಿಂದ ತಾನಾಗಿ ಹಾರುವ ಭಯ ಕಡಮೆ. ಇನ್ನೊಂದು, ಹಿಡಿಯೊಳಗೆ ತೋಟಾಗಳ ಪೆಟ್ಟಿಗೆಯನ್ನು ತಳ್ಳಿ, ಹೊಡೆದಂತೆಲ್ಲ ತಾನೇ ತುಂಬಿಕೊಳ್ಳುವ ಪಿಸ್ತೂಲು. 1911ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ಬ್ರೌನಿಂಗನ ಮಾದರಿ, 1982ರಲ್ಲಿ ಆಸ್ಟ್ರಿಯದ ಸೈನ್ಯ ಸ್ವೀಕರಿಸಿದ ಗ್ಲಾಕ್ ಇವು ಈ ಬಗೆಯವು. ಹತ್ತರಿಂದ ಹದಿನೇಳರವರೆಗೆ ತೋಟಾ ಹಿಡಿಯುವಂಥವು ಇವುಗಳಲ್ಲಿ ಹಲವು, ತುಂಬುವುದೂ ಶೀಘ್ರ. ಆದರೆ ಅಭ್ಯಾಸವಿಲ್ಲದವನ ಕೈಯಲ್ಲಿ ಅಥವಾ ಬಟ್ಟೆಗೆ ಸಿಕ್ಕಿಕೊಂಡರೆ ಕೆಲವೊಮ್ಮೆ ಅಡಕಿಕೊಳ್ಳುತ್ತದೆ.

ಕಾರು ತನ್ನ ಕಟ್ಟಳೆಗಳನ್ನೂ ಮುಂದಿಡುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಉದ್ದನೆಯ ನಳಿಗೆ ಚುಕ್ಕಾಣಿಚಕ್ರಕ್ಕೆ ತಗಲುತ್ತದೆ; ಆದ್ದರಿಂದ ಗಿಡ್ಡನೆಯದು ಬೇಕು. ಸೊಂಟದಲ್ಲಿ ಕಟ್ಟಿಕೊಂಡರೆ ಆಸನದ ಪಟ್ಟಿ ಅಡ್ಡ ಬರುತ್ತದೆ. ಆದ್ದರಿಂದ ಆಸನದ ಕೆಳಗೋ, ಬಾಗಿಲ ಜೇಬಿನಲ್ಲೋ, ಮುಂದಿನ ಖಾನೆಯಲ್ಲೋ ಇಡುತ್ತಾರೆ. ಬೇಸಗೆಯಲ್ಲಿ ಮುಚ್ಚಿದ ಕಾರಿನ ಒಳಗಣ ಶಾಖ 50 ಡಿಗ್ರಿ ಸೆಲ್ಸಿಯಸನ್ನು ಮೀರುವುದುಂಟು. ತೋಟಾಗಳನ್ನು ಆಗಾಗ ಬದಲಾಯಿಸುವುದು ಲೇಸು. ಮುಚ್ಚಿದ ಕಾರಿನೊಳಗೆ ಹೊಡೆದರೆ ಆ ಶಬ್ದದಿಂದಲೇ ಕಿವಿಗೆ ಶಾಶ್ವತವಾದ ಕೇಡಾಗಬಹುದು. ಮುಂಗಾಜಿನ ಮೂಲಕ ಹೊಡೆದ ಗುಂಡು ದಿಕ್ಕು ತಪ್ಪುತ್ತದೆ. ಬಲ್ಲವರು ಇವನ್ನೆಲ್ಲ ಹೇಳುತ್ತಾರೆ, ಇವೆಲ್ಲ ನಿಜವೇ.

ಆದರೆ ಈ ಉಪದೇಶಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿರೋಧ ಎದ್ದು ಕಾಣುತ್ತದೆ. ಸಂಕಟದ ಗಳಿಗೆಯಲ್ಲಿ ನೆರವಾಗಬೇಕಾದರೆ ಪಿಸ್ತೂಲು ತುಂಬಿರಬೇಕು, ಬೀಗವಿಲ್ಲದಿರಬೇಕು, ಕೈಗೆ ಎಟುಕುವಂತಿರಬೇಕು. ಉಳಿದ ಸಮಸ್ತ ಗಳಿಗೆಗಳಲ್ಲಿ ಕೇಡಾಗದಿರಬೇಕಾದರೆ ಅದು ಬರಿದಾಗಿರಬೇಕು, ಬೀಗದೊಳಗಿರಬೇಕು, ಕೈಗೆ ಎಟುಕದಂತಿರಬೇಕು. ಸಿದ್ಧತೆ ಭದ್ರತೆಗಳೆರಡೂ ಬೇಕಾದ ಗುಣಗಳೇ. ಆದರೆ ಕಾರಿನಲ್ಲಿ ಒಂದನ್ನು ಹೆಚ್ಚಿಸಿದಷ್ಟೂ ಇನ್ನೊಂದು ಇಳಿಯುತ್ತದೆ. ಎಟುಕುವ ವಸ್ತುವಿಗೆ ಎಟುಕಿಸಿಕೊಂಡ ಕೈ ಯಾರದೆಂಬುದು ತಿಳಿಯದು.

ಈ ಮಾತಿಗೆ ನಿದರ್ಶನಗಳು ಕಡಮೆಯಿಲ್ಲ. 2016ರ ಏಪ್ರಿಲಿನಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕಿ ನಗರದ ಹೆದ್ದಾರಿಯಲ್ಲಿ ತಾಯಿಯೊಬ್ಬಳು ಕಾರು ನಡೆಸುತ್ತಿದ್ದಳು. ಹಿಂದಿನ ಆಸನದಲ್ಲಿ ಎರಡು ವರ್ಷದ ಮಗು. ಕಾರು ಆಕೆಯ ಸ್ನೇಹಿತನದು. ಅವನು ಕಾವಲು ಕೆಲಸದವನು. ಚಾಲಕನ ಆಸನದ ಅಡಿಯಲ್ಲಿದ್ದ ಪಿಸ್ತೂಲು ಜಾರಿ ಹಿಂದಕ್ಕೆ ಬಂದಿತು. ಮಗುವಿನ ಕೈಗೆ ಸಿಕ್ಕಿತು. ಗುಂಡು ಆಸನದ ಬೆನ್ನನ್ನು ಹಾಯ್ದು ತಾಯಿಯನ್ನು ಕೊಂದಿತು. ಮಗುವಿಗೆ ತಪ್ಪೆಂಬುದೇ ತಿಳಿಯದು. ತಾಯಿ ಆಯುಧವನ್ನು ಅಲ್ಲಿ ಇಟ್ಟವಳಲ್ಲ. ಇಟ್ಟವನು ಆ ಹೊತ್ತಿಗೆ ಕಾರಿನಲ್ಲಿರಲಿಲ್ಲ. ಕಾವಲಿಗೆಂದು ಕೊಂಡ ಆಯುಧಕ್ಕೆ ಕಾವಲುಗಾರನೇ ಇಲ್ಲದೆ ಹೋದುದು ಈ ದುರಂತದ ತಿರುಳು.

ಇನ್ನೊಂದು ಸಂಗತಿ. 2015ರ ಜೂನ್ ತಿಂಗಳ ಕೊನೆಯಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಕೇಂದ್ರ ಸರ್ಕಾರದ ರಕ್ಷಕಾಧಿಕಾರಿಯೊಬ್ಬನು ನಿಲ್ಲಿಸಿದ್ದ ಸ್ವಂತ ವಾಹನದ ಗಾಜನ್ನು ಒಡೆದು ಕಳ್ಳರು ಚೀಲವನ್ನು ಕದ್ದರು. ಅದರಲ್ಲಿ ತುಂಬಿದ ಪಿಸ್ತೂಲಿತ್ತು. ನಾಲ್ಕು ದಿನಗಳ ತರುವಾಯ ಅದೇ ಪಿಸ್ತೂಲು ಬೇರೊಬ್ಬನ ಕೈಯಲ್ಲಿ ಹಾರಿತು. ಗುಂಡು ನೆಲಕ್ಕೆ ಬಡಿದು ಪುಟಿದು, ಕಡಲ ಕಟ್ಟೆಯ ಮೇಲೆ ತಂದೆಯೊಡನೆ ನಡೆಯುತ್ತಿದ್ದ 32 ವರ್ಷದ ಮಹಿಳೆಯ ಬೆನ್ನಿಗೆ ತಗಲಿತು, ಆಕೆ ತೀರಿಕೊಂಡಳು. ಹಾರಿಸಿದವನನ್ನು ಕೊಲೆಯ ಆಪಾದನೆಯಿಂದ 2017ರಲ್ಲಿ ಪಂಚರು ಬಿಡುಗಡೆ ಮಾಡಿದರು. ಆ ಸಾವಿನ ವಿಚಾರವಾಗಿ ರಾಜಕೀಯದ ಗದ್ದಲ ಬಹಳ ನಡೆಯಿತು. ಅದು ನಮಗೆ ಬೇಡ. ಗಮನಿಸಬೇಕಾದುದು ಇಷ್ಟೆ: ಇಲ್ಲಿ ಆಯುಧದ ಒಡೆಯನು ಅನನುಭವಿಯಲ್ಲ, ತರಬೇತಿ ಪಡೆದ ಅಧಿಕಾರಿ. ಅವನ ಕೈಯ ನೈಪುಣ್ಯವೆಲ್ಲ ಅವನೊಡನೆ ಕಾರಿನಿಂದ ಇಳಿದುಹೋಯಿತು. ಆಯುಧ ಮಾತ್ರ ಉಳಿಯಿತು.

ಇವು ಅಪರೂಪದ ಆಕಸ್ಮಿಕಗಳೆಂದು ಹೇಳುವಂತಿಲ್ಲ. ಅಲ್ಲಿಯ ನಗರಗಳ ಪೋಲೀಸು ದಾಖಲೆಗಳಿಂದ ಇತ್ತೀಚಿನ ವರ್ಷಗಳಲ್ಲಿ ಮಾಡಿದ ಲೆಕ್ಕದಂತೆ, ಕಳವಾಗುವ ಬಂದೂಕು ಪಿಸ್ತೂಲುಗಳಲ್ಲಿ ಸುಮಾರು ಅರ್ಧದಷ್ಟು ವಾಹನಗಳಿಂದಲೇ ಹೋಗುತ್ತವೆ. ಇದಕ್ಕೆ ವಿಚಿತ್ರವಾದ ಒಂದು ಕಾರಣವೂ ಉಂಟು. ನ್ಯಾಯಾಲಯ, ಶಾಲೆ, ಸರ್ಕಾರಿ ಕಚೇರಿ ಮೊದಲಾದೆಡೆಗಳಿಗೆ ಸಾಮಾನ್ಯವಾಗಿ ಆಯುಧವನ್ನು ಒಯ್ಯುವಂತಿಲ್ಲ. ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡು ಹೊರಟವನು ಅಲ್ಲಿಗೆ ಬಂದಾಗ ಅದನ್ನು ಕಾರಿನಲ್ಲಿಯೇ ಬಿಟ್ಟು ಇಳಿಯುತ್ತಾನೆ. ಒಳಗಿನವರ ಕ್ಷೇಮಕ್ಕಾಗಿ ಮಾಡಿದ ನಿಯಮವೇ ಹೊರಗಣ ಕಾರನ್ನು ಕಾವಲಿಲ್ಲದ ಆಯುಧಾಗಾರವನ್ನಾಗಿ ಮಾಡುತ್ತದೆ. ಇದನ್ನು ಕಂಡು ಕೆಲವು ಸಂಸ್ಥಾನಗಳು ಎಚ್ಚೆತ್ತಿವೆ. ಕೊಲರಾಡೊದಲ್ಲಿ 2024ರಲ್ಲಿ ಅಂಗೀಕೃತವಾಗಿ 2025ರ ಆರಂಭದಿಂದ ಜಾರಿಗೆ ಬಂದ ಕಾಯಿದೆಯು, ಜನವಿಲ್ಲದ ಕಾರಿನಲ್ಲಿ ಪಿಸ್ತೂಲನ್ನು ಬಿಡಬೇಕಾದರೆ ಅದನ್ನು ಗಟ್ಟಿಯಾದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕಣ್ಣಿಗೆ ಬೀಳದಂತೆ ಇರಿಸಿ, ಕಾರಿಗೂ ಬೀಗ ಹಾಕಬೇಕೆಂದು ವಿಧಿಸಿದೆ.

ಆಯುಧವನ್ನು ನೋಡುವ ಕಣ್ಣುಗಳ ಮಾತೂ ಉಂಟು. 2016ರ ಜುಲೈಯಲ್ಲಿ ಮಿನೆಸೋಟ ಸಂಸ್ಥಾನದಲ್ಲಿ ಒಂದು ಕಾರನ್ನು ಪೋಲೀಸರು ತಡೆದರು. ನಡೆಸುತ್ತಿದ್ದವನು ಕರಿಯ ಜನಾಂಗದವನು. ಶಾಲೆಯೊಂದರಲ್ಲಿ ಮಕ್ಕಳ ಊಟದ ವ್ಯವಸ್ಥೆಯ ಮೇಲ್ವಿಚಾರಕ. ತನ್ನ ಬಳಿ ಪಿಸ್ತೂಲು ಇದೆಯೆಂದು ಅವನೇ ವಿನಯದಿಂದ ತಿಳಿಸಿದ. ಅದಕ್ಕೆ ಪರವಾನಗಿಯೂ ಇತ್ತು. ಕೆಲವೇ ಕ್ಷಣಗಳಲ್ಲಿ ಪೋಲೀಸಿನವನು ಏಳು ಗುಂಡು ಹಾರಿಸಿದ. ಹಿಂದಿನ ಆಸನದಲ್ಲಿ ನಾಲ್ಕು ವರ್ಷದ ಹುಡುಗಿ ಕುಳಿತಿದ್ದಳು. ಹೊಡೆದವನು 2017ರಲ್ಲಿ ನಿರ್ದೋಷಿಯೆಂದು ಬಿಡುಗಡೆ ಹೊಂದಿದ. ಕಾಯಿದೆಯಲ್ಲಿ ಹಕ್ಕು ಎಲ್ಲರಿಗೂ ಒಂದೇ. ಆದರೆ ಆಯುಧವುಳ್ಳವನನ್ನು ನೋಡುವ ಕಣ್ಣು ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಅಭಯಕ್ಕೆಂದು ಇಟ್ಟುಕೊಂಡ ವಸ್ತು ಎದುರಿನವನಲ್ಲಿ ಭಯವನ್ನು ಹುಟ್ಟಿಸುತ್ತದೆ. ಆ ಭಯದ ಕೈಯಲ್ಲಿಯೂ ಆಯುಧವಿರುತ್ತದೆ.

ಹೊರಗಣ ಅಪಾಯಗಳು ಇಷ್ಟಾದರೆ ಒಳಗಣದು ಬೇರೆ. ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಸೀತೆ ರಾಮನಿಗೆ ಒಂದು ಕಥೆ ಹೇಳುತ್ತಾಳೆ. ಕಾಡಿನಲ್ಲಿ ಒಬ್ಬ ತಪಸ್ವಿ. ಅವನ ತಪಸ್ಸನ್ನು ಕೆಡಿಸಲೆಂದು ಇಂದ್ರನು ಯೋಧನ ವೇಷದಲ್ಲಿ ಬಂದು ಒಂದು ಖಡ್ಗವನ್ನು ನ್ಯಾಸವಾಗಿ, ಎಂದರೆ ಕಾಪಾಡಿ ಹಿಂದಕ್ಕೆ ಕೊಡತಕ್ಕ ಒತ್ತೆಯಾಗಿ, ಇಟ್ಟುಹೋದನು. ತಪಸ್ವಿ ಪ್ರಾಮಾಣಿಕ. ಒತ್ತೆ ಕಳೆದುಹೋದೀತೆಂದು ಗೆಡ್ಡೆಗೆಣಸು ತರಲು ಹೋದಾಗಲೂ ಖಡ್ಗವನ್ನು ಬಿಡದೆ ಒಯ್ಯತೊಡಗಿದ. ದಿನ ಕಳೆದಂತೆ ಅವನ ಬುದ್ಧಿ ಕ್ರೌರ್ಯಕ್ಕೆ ತಿರುಗಿತು, ತಪಸ್ಸು ಹೋಯಿತು, ಕಡೆಗೆ ನರಕ ಪ್ರಾಪ್ತವಾಯಿತು. ಆಯುಧದ ಸಹವಾಸವು ಬೆಂಕಿಯ ಸಹವಾಸದಂತೆ ಎಂಬುದು ಸೀತೆಯ ಅಭಿಪ್ರಾಯ.

ಆಧುನಿಕ ಮನಶ್ಶಾಸ್ತ್ರಜ್ಞರೂ ಈ ಮಾತನ್ನು ತಮ್ಮ ರೀತಿಯಲ್ಲಿ ಪರೀಕ್ಷಿಸಿದ್ದಾರೆ. 1967ರಲ್ಲಿ ಬರ್ಕೊವಿಟ್ಸ್ ಮತ್ತು ಲಪೇಜ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲೇ ಸಿಟ್ಟುಗೊಂಡಿದ್ದ ವಿದ್ಯಾರ್ಥಿಗಳು ಮೇಜಿನ ಮೇಲೆ ಬಂದೂಕು ಕಾಣುತ್ತಿದ್ದಾಗ ಎದುರಾಳಿಗೆ ಹೆಚ್ಚು ವಿದ್ಯುದಾಘಾತಗಳನ್ನು ಕೊಟ್ಟರು. ಮುಂದಿನ ಪ್ರಯೋಗಗಳೆಲ್ಲ ಇದನ್ನು ಒಂದೇ ಸಮನೆ ಸಮರ್ಥಿಸಲಿಲ್ಲ. 2006ರಲ್ಲಿ ಹಾರ್ವರ್ಡಿನ ಹೆಮನ್‌ವೇ ಮತ್ತು ಅವರ ಸಂಗಡಿಗರು ಎರಡು ಸಾವಿರಕ್ಕೂ ಹೆಚ್ಚು ಚಾಲಕರನ್ನು ವಿಚಾರಿಸಿದ ಸಮೀಕ್ಷೆಯನ್ನು ಪ್ರಕಟಿಸಿದರು. ಬಂದೂಕು ಇದ್ದ ವಾಹನದಲ್ಲಿ ಪ್ರಯಾಣ ಮಾಡಿದವರು ರಸ್ತೆಯಲ್ಲಿ ಕೆಟ್ಟ ಸನ್ನೆ ಮಾಡುವುದು, ಮುಂದಿನ ವಾಹನವನ್ನು ಕೋಪದಿಂದ ಬೆನ್ನಟ್ಟುವುದು ಹೆಚ್ಚೆಂದು ಕಂಡುಬಂದಿತು. ಬಹುಮಂದಿ ನಂಬಿಕೆಗೆ ಅರ್ಹರಲ್ಲ ಎಂದು ಭಾವಿಸುವವರೂ ಹಾಗೆಯೇ ನಡೆದುಕೊಂಡಿದ್ದರು. ಪಿಸ್ತೂಲು ಕೋಪವನ್ನು ತಂದಿತೋ, ಕೋಪಿಷ್ಠರೇ ಪಿಸ್ತೂಲನ್ನು ತಂದರೋ, ಇಂಥ ಸಮೀಕ್ಷೆಯಿಂದ ತೀರ್ಮಾನವಾಗುವುದಿಲ್ಲ. ಎರಡರಲ್ಲಿ ಯಾವುದೇ ಆಗಲಿ, ರಸ್ತೆಯಲ್ಲಿ ಮನುಷ್ಯನಿಗೆ ಕೋಪ ಬೇಗ ಬರುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ. ಹಾರಿದ ಗುಂಡು ಹಾಗೆ ಹಿಂತಿರುಗುವುದಿಲ್ಲ. ಒಡೆಯನು ತನ್ನ ಆಯುಧದ ಗುರಿಗೆ ಹೊರಗಿನವನೂ ಅಲ್ಲ: 2021ರಲ್ಲಿ ಆ ದೇಶದಲ್ಲಿ ಗುಂಡಿನಿಂದ ಸತ್ತವರು 48,830, ಅವರಲ್ಲಿ 26,328 ಮಂದಿ ತಮ್ಮನ್ನು ತಾವೇ ಕೊಂದುಕೊಂಡವರು.

ಸೀತೆಯ ಮಾತನ್ನು ಕೇಳಿ ರಾಮನು ಧನುಸ್ಸನ್ನು ಕೆಳಗಿಟ್ಟನೆ? ಇಲ್ಲ. ಆರ್ತರ ಕೂಗು ಕೇಳಿಸಬಾರದೆಂದೇ ಕ್ಷತ್ರಿಯನು ಬಿಲ್ಲು ಹಿಡಿಯುತ್ತಾನೆ, ಋಷಿಗಳಿಗೆ ಕೊಟ್ಟ ಮಾತನ್ನು ಮೀರಲಾರೆ ಎಂದು ಅವನು ಉತ್ತರ ಕೊಡುತ್ತಾನೆ. ಕಾವ್ಯವು ಎರಡು ಮಾತುಗಳನ್ನೂ ಉಳಿಸಿಕೊಂಡಿದೆ. ಆಯುಧ ಧರಿಸುವವನಿಗೆ ಅಲ್ಲಿ ನಿಷೇಧವಿಲ್ಲ. ಆದರೆ ಬಿಲ್ಲು ಅವನ ಕೈಯಲ್ಲಿದೆ, ಅದರ ಅಭ್ಯಾಸ ಅವನಿಗಿದೆ, ಯಾರಿಗಾಗಿ ಎಂಬುದೂ ಅವನಿಗೆ ಗೊತ್ತಿದೆ. ಇನ್ನು ಆಯುಧವನ್ನು ಬಿಟ್ಟುಹೋಗಲೇಬೇಕಾದಾಗ ಹೇಗೆ? ಅದಕ್ಕೆ ಭಾರತದ ಶಮೀವೃಕ್ಷವಿದೆ. ಅಜ್ಞಾತವಾಸಕ್ಕೆ ವಿರಾಟನಗರವನ್ನು ಹೊಗುವ ಮುನ್ನ ಪಾಂಡವರು ಆಯುಧಗಳನ್ನು ದಾರಿಯ ಬದಿಯಲ್ಲಿ ಬಿಡಲಿಲ್ಲ. ಊರ ಹೊರಗಣ ಶಮೀವೃಕ್ಷವನ್ನು ಆರಿಸಿದರು. ನಕುಲನು ಹತ್ತಿ ಮಳೆ ತಾಗದ ಕಡೆಯಲ್ಲಿ ಬಿಗಿದು ಕಟ್ಟಿದನು. ಯಾರೂ ಹತ್ತಿರ ಸುಳಿಯದಿರಲೆಂದು ಒಂದು ಶವವನ್ನೂ ಅಲ್ಲಿ ತೂಗಹಾಕಿದರು. ಲೋಕವನ್ನು ಗೆಲ್ಲಬಲ್ಲ ವೀರರು ತಮ್ಮ ಆಯುಧ ಅನ್ಯರ ಕೈಗೆ ಸಿಕ್ಕಬಾರದೆಂದು ಪಟ್ಟ ಶ್ರಮ ಇದು.

ಆಯುಧಕ್ಕೆ ಬಳಕೆಯ ಕಾಲವಿರುವಂತೆ ವಿರಾಮದ ಕಾಲವೂ ಇರಬೇಕೆಂಬುದಕ್ಕೆ ಕೊಡಗಿನ ಕೈಲ್ ಮುಹೂರ್ತ ಸಾಕ್ಷಿ. ಗದ್ದೆಯ ಕೆಲಸದ ತಿಂಗಳುಗಳಲ್ಲಿ ಬಂದೂಕು ದೇವರ ಕೋಣೆಯನ್ನು ಸೇರಿರುತ್ತದೆ. ನಾಟಿ ಮುಗಿದ ಮೇಲೆ ಪೂಜಿಸಿ ಹೊರಕ್ಕೆ ತೆಗೆಯುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ಬಹುಕಾಲದಿಂದ ವಿನಾಯಿತಿಯುಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆಯುಧವನ್ನು ಗೌರವಿಸುವ ಜನ ಅದನ್ನು ಕೆಳಗಿಡುವ ವಿಧಿಯನ್ನೂ ಕಟ್ಟಿಕೊಂಡಿದ್ದಾರೆ ಎಂಬುದು ಇಲ್ಲಿ ಗಮನಾರ್ಹ.

ಇಷ್ಟರಿಂದ ನಮಗೆ ತೋರುವ ತೀರ್ಮಾನವನ್ನು ಹೇಳುತ್ತೇವೆ. ಆಯುಧವನ್ನು ಇಟ್ಟುಕೊಳ್ಳುವ ಹಕ್ಕು ಎಷ್ಟೇ ದೊಡ್ಡದಾಗಿರಲಿ, ಅದು ಸಮಾಜದ ಉಳಿದವರೆಲ್ಲ ನಂಬಿ ಒಬ್ಬನಲ್ಲಿ ಇಟ್ಟ ನ್ಯಾಸವೂ ಹೌದು. ಆ ಆಯುಧದಿಂದ ಯಾರು ಸಾಯಬಹುದೋ ಅವರು ಅದನ್ನು ಕೊಂಡವರಲ್ಲ, ಆರಿಸಿದವರಲ್ಲ, ಅದು ಎಲ್ಲಿದೆಯೆಂದು ಬಲ್ಲವರೂ ಅಲ್ಲ. ಆದ್ದರಿಂದ 'ಯಾವ ಪಿಸ್ತೂಲು?' ಎಂಬ ಪ್ರಶ್ನೆಗಿಂತ ಮುಂಚೆ 'ನಾನಿಲ್ಲದಾಗ ಇದರ ಕಾವಲು ಯಾರದು?' ಎಂಬ ಪ್ರಶ್ನೆ ಬರಬೇಕು. ಮನೆಗೆ ಗೋಡೆಯುಂಟು, ಕಬ್ಬಿಣದ ಪೆಟ್ಟಿಗೆಗೆ ಎಡೆಯುಂಟು. ಮೈಮೇಲಿನ ಆಯುಧಕ್ಕೆ ಮೈಯೇ ಕಾವಲು. ಕಾರು ಮಾತ್ರ ನಾವು ಬಿಟ್ಟು ಇಳಿಯುವುದಕ್ಕೆಂದೇ ಮಾಡಿದ ವಾಹನ. ದಿನದ ಬಹುಭಾಗ ಅದು ಒಡೆಯನಿಲ್ಲದೆ ನಿಂತಿರುತ್ತದೆ. ಆಯುಧದ ಕಾಯಂ ವಾಸಕ್ಕೆ ಅದಕ್ಕಿಂತ ಅಯೋಗ್ಯವಾದ ಸ್ಥಳ ಇನ್ನೊಂದಿಲ್ಲ. ಕಲಿತು, ಅಭ್ಯಾಸ ಮಾಡಿ, ಮೈಮೇಲೆ ಧರಿಸಿ ಅದರೊಡನೆಯೇ ಇಳಿಯುವ ಶ್ರದ್ಧೆ ಉಳ್ಳವನು ಧರಿಸಲಿ. ಕಾಯಿದೆಗಾಗಿ ಅರ್ಧ ತಾಸು ಬಿಡಲೇಬೇಕಾದರೆ ಆಸನದ ಚೌಕಟ್ಟಿಗೆ ಬಿಗಿದ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಬಿಡಲಿ. ಅಷ್ಟು ಶ್ರದ್ಧೆ ಇಲ್ಲದವನಿಗೆ ಒಳ್ಳೆಯ ಪಿಸ್ತೂಲು ಎಂಬುದು ಯಾವುದೂ ಇಲ್ಲ.

'ಹಾಗಾದರೆ ಆ ರಾತ್ರಿ, ಆ ಬಯಲಿನಲ್ಲಿ, ಆ ಒಂದು ಗಳಿಗೆಯಲ್ಲಿ ದಾದಿಯ ಗತಿಯೇನು?' ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಾಧುವಾದದ್ದು, ಅದನ್ನು ಮಾತಿನಿಂದ ಮುಚ್ಚಲಾಗದು. ಪಿಸ್ತೂಲು ಎಟುಕದೆ ಹೋದುದರಿಂದ ಕೇಡಾಗುವ ಗಳಿಗೆ ಎಂದಾದರೂ ಬರಬಹುದು. ಆದರೆ ಆ ಒಂದು ಗಳಿಗೆಯ ಅಭಯಕ್ಕಾಗಿ ಉಳಿದೆಲ್ಲ ಗಳಿಗೆಗಳ ಅಪಾಯವನ್ನು ಹಿಂದಿನ ಆಸನದ ಕೂಸಿನ ಮೇಲೆ, ದಾರಿಹೋಕರ ಮೇಲೆ ಹೊರಿಸುವುದಕ್ಕೆ ಆಕೆಗೂ ಅಧಿಕಾರವಿಲ್ಲ, ನಮಗೂ ಇಲ್ಲ. ತನ್ನ ಪಾಲಿನ ಅಪಾಯದಲ್ಲಿ ಸ್ವಲ್ಪವನ್ನು ತಾನೇ ಹೊರುವುದು ಕೂಡಿ ಬಾಳುವವರ ಧರ್ಮ.

ಈ ಮಾತು ಅಮೆರಿಕಕ್ಕೆ ಮಾತ್ರ ಮೀಸಲಲ್ಲ. ನಮ್ಮ ಹಳ್ಳಿಯ ಮನೆಗಳ ಅಟ್ಟದ ಮೇಲೆ ಪಿಸ್ತೂಲು ಇಲ್ಲದಿರಬಹುದು. ಬೆಳೆಗೆ ಹೊಡೆಯುವ ಕೀಟನಾಶಕದ ಸೀಸೆ ಇದೆ. ಬೆಳೆಯನ್ನು ಕಾಯಲೆಂದು ತಂದ ಅದೇ ಸೀಸೆ, ಮನಸ್ಸು ಕುಸಿದ ಒಂದು ಗಳಿಗೆಯಲ್ಲಿ ಕೈಗೆ ಎಟುಕುವಂತಿದ್ದ ಕಾರಣಕ್ಕೆ ನಮ್ಮ ದೇಶದ ಎಷ್ಟೋ ಮನೆಗಳ ದೀಪವನ್ನು ಆರಿಸಿದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಆಮ್ಲದ ಬುಡ್ಡಿಗಳಿವೆ. ಅವುಗಳ ಕಪಾಟಿಗೆ ಬೀಗವಿದೆಯೆ, ಬೀಗದ ಕೈ ಯಾರ ಬಳಿ ಇದೆ ಎಂಬುದು ಪಾಠದಷ್ಟೇ ಮುಖ್ಯವಾದ ವಿಷಯ. ಉಪಾಧ್ಯಾಯರು ನಾಳೆ ಬೆಳಗ್ಗೆ ಆ ಕಪಾಟನ್ನು ಒಮ್ಮೆ ನೋಡಲಿ. ವಿದ್ಯಾರ್ಥಿಗಳು ಸಂಜೆ ಮನೆಗೆ ಹೋದಾಗ ಆ ಅಟ್ಟದ ಮಾತನ್ನು ಹಿರಿಯರಿಗೆ ಹೇಳಲಿ.